ದಾರದಲ್ಲಿ ಹವಳದ ದಿಬ್ಬ: ಕ್ರೋಶಾ ಕಡ್ಡಿ ಹಿಡಿದವರಿಗೆ ಒಂದು ಮಾರ್ಗದರ್ಶಿ

ಗುಂಡನೆಯ ಟೇಬಲ್ ಮ್ಯಾಟ್ ಹೆಣೆಯುವಾಗ ಸ್ಟಿಚ್ ಹೆಚ್ಚಾಗಿ ಅಂಚು ಅಲೆಅಲೆಯಾಗಿ ಎದ್ದರೆ ಎಲ್ಲರೂ ಬಿಚ್ಚಿ ಮತ್ತೆ ಶುರು ಮಾಡುತ್ತಾರೆ. ದಾರದಲ್ಲಿ ಕಡಲ ಹವಳ ಹೆಣೆಯುವವರಿಗೆ ಬೇಕಾದದ್ದು ಅದೇ ತಪ್ಪು. ಕಾದ ಎಣ್ಣೆಗೆ ಬಿದ್ದ ಹಪ್ಪಳದ ಅಂಚು ಸೊಟ್ಟಗಾಗಿ ಮೇಲೇಳುತ್ತದಲ್ಲ, ಹಾಗೆ. ನಡುವಿಗಿಂತ ಅಂಚು ಬೇಗ ಬೆಳೆದಾಗ ಬಟ್ಟೆಗೆ ಚಪ್ಪಟೆಯಾಗಿ ಮಲಗಲು ಜಾಗ ಸಾಲದೆ ನೆರಿಗೆ ಕಟ್ಟುತ್ತದೆ. ಗಣಿತದವರು ಇದನ್ನು ಹೈಪರ್ಬೋಲಿಕ್ ಮೇಲ್ಮೈ ಎನ್ನುತ್ತಾರೆ. ಕಾಗದದ ಪಟ್ಟಿಗಳನ್ನು ಅಂಟಿಸಿ ಮಾಡುತ್ತಿದ್ದ ಈ ಮಾದರಿಯನ್ನು 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ, ಲಾಟ್ವಿಯಾ ಮೂಲದ ಡೈನಾ ಟೈಮಿನಾ ಮೊದಲ ಬಾರಿಗೆ ಕ್ರೋಶಾದಲ್ಲಿ ಹೆಣೆದರು. ಕೆಲವು ಹವಳಗಳು, ಕಡಲ ಪಾಚಿಗಳು, ಸಮುದ್ರದ ಗೊಂಡೆಹುಳುಗಳು ಮೈ ಬೆಳೆಸಿಕೊಳ್ಳುವುದೂ ಹೀಗೇ: ಇದ್ದಷ್ಟೇ ಜಾಗದಲ್ಲಿ ಬೆಳಕಿಗೆ, ಆಹಾರಕ್ಕೆ ಒಡ್ಡಲು ಹೆಚ್ಚು ಮೈ ಸಿಗುತ್ತದೆ.

ಈ ಹೋಲಿಕೆಯನ್ನು ಹಿಡಿದು 2005ರಲ್ಲಿ ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ತೈಮ್ ಎಂಬ ಅವಳಿ ಸೋದರಿಯರು ಲಾಸ್ ಏಂಜಲೀಸ್‌ನಲ್ಲಿ ಕ್ರೋಶಾ ಹವಳದ ದಿಬ್ಬ ಕಟ್ಟಲು ಶುರು ಮಾಡಿದರು. ಅವರು ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಕೆಲಸದ ಹಿಂದೆ ಇದ್ದದ್ದು ಅಲ್ಲಿನ ಕಡಲ ಬೃಹತ್ ಹವಳದ ದಿಬ್ಬವಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಚಿಂತೆ. 2019ರಲ್ಲಿ ಅವರ ಕ್ರೋಶಾ ದಿಬ್ಬ ಇಟಲಿಯ ಹೆಸರಾಂತ ಕಲಾ ಪ್ರದರ್ಶನ ವೆನಿಸ್ ಬಿಯೆನಾಲೆಯವರೆಗೂ ಹೋಯಿತು. ಸಾವಿರಾರು ಜನ ತಮ್ಮ ತಮ್ಮ ಊರಿನಲ್ಲಿ ಕೂತು ಹೆಣೆದ ಹವಳ ಅದರಲ್ಲಿದೆ. ನೀವು ನಿಮ್ಮ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಮಾಡುವಾಗ ಇಬ್ಬರ ಹೆಸರನ್ನೂ, ಟೈಮಿನಾ ಅವರ ಹೆಸರನ್ನೂ ಫಲಕದಲ್ಲಿ ಹಾಕಿ. ಸೋದರಿಯರ ಯೋಜನೆಯ ಹೆಸರನ್ನೇ ಇಟ್ಟುಕೊಳ್ಳುವುದಾದರೆ ಅವರನ್ನು ಕೇಳಿ ಇಡಬೇಕು. ಇಲ್ಲವಾದರೆ ನಿಮ್ಮದೇ ಹೆಸರು ಇರಲಿ.

ಈ ಲೇಖನ 2 ಅಡಿ × 3 ಅಡಿಯ ಒಂದು ದಿಬ್ಬಕ್ಕೆ ಲೆಕ್ಕ ಹಾಕಿದ್ದು. ಒಂದು ಹವಳ ಸರಾಸರಿ 10 ಸೆಂ.ಮೀ. ಅಗಲ ಎಂದುಕೊಂಡರೆ 70ರಿಂದ 80 ಹವಳ ಬೇಕು. ಹತ್ತು ಜನ ಕೂತರೆ ತಲಾ ಏಳೆಂಟು.

ಬೇಕಾಗುವ ಸಾಮಾನು

ಮನೆಯಲ್ಲಿ ಉಳಿದ ಉಲ್ಲನ್ ಉಂಡೆಗಳು, ಅರ್ಧಕ್ಕೆ ನಿಂತ ಸ್ವೆಟರ್, ಕಾಟನ್ ನೂಲು, ಸೀರೆ ಕುಚ್ಚಿಗೆ ತಂದು ಮಿಕ್ಕ ರೇಷ್ಮೆ ದಾರ, ಎಲ್ಲವೂ ನಡೆಯುತ್ತದೆ. ಕಡಲಿನ ಬಗ್ಗೆ ಮಾತಾಡಲು ಹತ್ತು ಕೆ.ಜಿ. ಹೊಸ ಅಕ್ರಿಲಿಕ್ ಕೊಳ್ಳುವುದು ಮಾತ್ರ ನಗೆಪಾಟಲು. ಅಕ್ರಿಲಿಕ್ ಕೂಡ ಪ್ಲಾಸ್ಟಿಕ್ಕೇ. ಒಗೆದಾಗ ಸಣ್ಣ ಸಣ್ಣ ಎಳೆ ಉದುರಿ ನೀರಿಗೆ ಸೇರುತ್ತದೆ. ಇದ್ದದ್ದನ್ನು ಬಳಸಿ, ಆದರೆ ಆ ಹವಳಗಳನ್ನು ಒಗೆಯಬೇಡಿ. ಧೂಳನ್ನು ಒಣ ಬ್ರಷ್‌ನಲ್ಲಿ ತೆಗೆಯಿರಿ.

ಕಡ್ಡಿಯ ಅಳತೆಯಲ್ಲಿ ಒಂದು ಮಾತು. ದಾರದ ಪಟ್ಟಿಯ ಮೇಲೆ 4.5 ಮಿ.ಮೀ. ಎಂದಿದ್ದರೆ 3.5 ತೆಗೆದುಕೊಳ್ಳಿ. ಸ್ವೆಟರಿಗೆ ಮೆತ್ತಗಿನ ಬಟ್ಟೆ ಬೇಕು, ಹವಳಕ್ಕೆ ಬಿಗಿಯಾದದ್ದು. ದೊಡ್ಡ ಕಡ್ಡಿಯಲ್ಲಿ ಹೆಣೆದರೆ ನೆರಿಗೆ ನಿಲ್ಲದೆ ಒದ್ದೆ ಕರವಸ್ತ್ರದಂತೆ ಜೋತು ಬೀಳುತ್ತದೆ. ಕಾಟನ್ ಇನ್ನೂ ಬೇಗ ಸೋಲುತ್ತದೆ, ಅದಕ್ಕೆ ಕೈ ಇನ್ನಷ್ಟು ಬಿಗಿ ಇರಲಿ. ಇದಲ್ಲದೆ ದೊಡ್ಡ ಕಣ್ಣಿನ ದಬ್ಬಣ, ಒಂದು ಸೇಫ್ಟಿ ಪಿನ್, ಕತ್ತರಿ.

ಸೀರೆಗೆ ಕ್ರೋಶಾ ಕುಚ್ಚು ಹಾಕುವವರಿಗೆ ಇಲ್ಲಿ ಹೊಸದಾಗಿ ಕಲಿಯುವುದು ಏನೂ ಇಲ್ಲ. ಚೈನ್ (ಕುಣಿಕೆಯೊಳಗೆ ಕುಣಿಕೆ ಎಳೆದ ಸರಪಳಿ) ಮತ್ತು ಸಿಂಗಲ್ ಸ್ಟಿಚ್ ಬಂದರೆ ಸಾಕು. ವಿಡಿಯೊ ನೋಡಿ ಕಲಿಯುವವರು ಒಂದನ್ನು ಗಮನಿಸಿ: ಹಳೆಯ ಬ್ರಿಟಿಷ್ ಪುಸ್ತಕಗಳು ಡಬಲ್ ಎನ್ನುವುದನ್ನು ಅಮೆರಿಕದವರು ಸಿಂಗಲ್ ಎನ್ನುತ್ತಾರೆ. ಇಲ್ಲಿ ಹೇಳಿರುವ ಸಿಂಗಲ್ ಅಮೆರಿಕದವರದು, ಗಿಡ್ಡ ಸ್ಟಿಚ್.

ಮೊದಲ ಹವಳ: ಕೂಡುವುದಲ್ಲ, ಗುಣಿಸುವುದು

ಚಪ್ಪಟೆ ವೃತ್ತಕ್ಕೆ ಪ್ರತಿ ಸುತ್ತಿಗೂ 6 ಸ್ಟಿಚ್ ಕೂಡುತ್ತೇವೆ: 6, 12, 18, 24. ಹತ್ತನೇ ಸುತ್ತಿಗೆ 60. ಹವಳದಲ್ಲಿ ಕೂಡುವುದಿಲ್ಲ, ಒಂದೇ ಪ್ರಮಾಣದಲ್ಲಿ ಗುಣಿಸುತ್ತಾ ಹೋಗುತ್ತೇವೆ. ಎರಡು ಸ್ಟಿಚ್‌ಗೊಮ್ಮೆ ಒಂದನ್ನು ಹೆಚ್ಚಿಸಿದರೆ (ಒಂದರಲ್ಲಿ ಒಂದು ಸಿಂಗಲ್, ಮುಂದಿನದರಲ್ಲಿ ಎರಡು) ಅದು 2ರ ಲೆಕ್ಕ. ಮೂರಕ್ಕೊಮ್ಮೆಯಾದರೆ 3ರ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟೂ ನೆರಿಗೆ ದಟ್ಟ.

1. 2 ಚೈನ್ ಹಾಕಿ. ಮೊದಲು ಹಾಕಿದ ಚೈನ್‌ನಲ್ಲಿ 6 ಸಿಂಗಲ್. ಇದು ಮೊದಲ ಸುತ್ತು. ಸುತ್ತನ್ನು ಮುಚ್ಚಬೇಡಿ, ಸುರುಳಿಯಾಗಿ ಮುಂದುವರಿಯಿರಿ. ಸುತ್ತಿನ ಮೊದಲ ಸ್ಟಿಚ್‌ಗೆ ಸೇಫ್ಟಿ ಪಿನ್ ಸಿಕ್ಕಿಸಿ.
2. ಪ್ರತಿ ಸ್ಟಿಚ್‌ನಲ್ಲೂ 2 ಸಿಂಗಲ್. ಈಗ 12.
3. ಇಲ್ಲಿಂದ 2ರ ಲೆಕ್ಕ. ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು. ಸುತ್ತುಗಳು ಸುಮಾರು ಹೀಗೆ ಏರುತ್ತವೆ: 18, 27, 40, 61, 91, 137, 205, 307.
4. ಐದನೇ ಸುತ್ತಿನವರೆಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆರರಲ್ಲಿ ಅಂಚು ಅಲುಗುತ್ತದೆ, ಎಂಟರಲ್ಲಿ ಕೋಳಿಜುಟ್ಟಿನ ಹೂವಿನಂತೆ ಮಡಿಕೆ ಬೀಳುತ್ತದೆ.
5. ಹತ್ತನೇ ಸುತ್ತಿಗೆ ನಿಲ್ಲಿಸಿ. ದಾರವನ್ನು 20 ಸೆಂ.ಮೀ. ಬಿಟ್ಟು ಕತ್ತರಿಸಿ. ಆ ಬಾಲದಲ್ಲೇ ಆಮೇಲೆ ದಿಬ್ಬದ ಗೋಣಿಬಟ್ಟೆಗೆ ಹೊಲಿಯಬೇಕು, ಹಾಗಾಗಿ ಒಳಗೆ ಅಡಗಿಸಬೇಡಿ.

ಒಟ್ಟು ಸ್ಟಿಚ್ ಎಣಿಸುವ ಗೋಜಿಗೆ ಹೋಗಬೇಡಿ. ಸುತ್ತಿನಲ್ಲಿ ಒಂದೆರಡು ತಪ್ಪಿದರೆ ಹವಳಕ್ಕೆ ಗೊತ್ತಾಗುವುದಿಲ್ಲ. ಪ್ರಮಾಣ ತಪ್ಪಬಾರದು, ಅಷ್ಟೇ.

ಎಲ್ಲರೂ ಎಡವುವ ಜಾಗವೊಂದಿದೆ. 5ರ ಲೆಕ್ಕದ ಹಗುರ ನೆರಿಗೆಯ ಹವಳ ಬೇಕೆಂದು ಆರೇ ಸ್ಟಿಚ್‌ನಿಂದ ಐದಕ್ಕೊಮ್ಮೆ ಹೆಚ್ಚಿಸುತ್ತಾ ಹೋದರೆ ಹವಳದ ಬದಲು ಮಗುವಿನ ಕುಲಾವಿ ಸಿಗುತ್ತದೆ. ಚಪ್ಪಟೆಯಾಗಿರಲು ಸುತ್ತಿಗೆ 6 ಹೆಚ್ಚಬೇಕು. ನೀವು ಒಂದನ್ನು ಮಾತ್ರ ಹೆಚ್ಚಿಸಿರುತ್ತೀರಿ, ಅಂಚು ಒಳಕ್ಕೆ ಎಳೆದು ಬಟ್ಟಲಾಗುತ್ತದೆ. ಪರಿಹಾರ ಸುಲಭ. ಲೆಕ್ಕದ ಸಂಖ್ಯೆಯನ್ನು 6ರಿಂದ ಗುಣಿಸಿ, ಅಷ್ಟು ಸ್ಟಿಚ್ ಆಗುವವರೆಗೆ ಮಾಮೂಲಿ ಚಪ್ಪಟೆ ವೃತ್ತವನ್ನೇ ಹೆಣೆಯಿರಿ. 2ರ ಲೆಕ್ಕಕ್ಕೆ 12, 3ರ ಲೆಕ್ಕಕ್ಕೆ 18, 5ರ ಲೆಕ್ಕಕ್ಕೆ 30. ಆಮೇಲೆ ಪ್ರಮಾಣ ಹಿಡಿಯಿರಿ. 3ರ ಲೆಕ್ಕದಲ್ಲಿ ಹನ್ನೆರಡನೇ ಸುತ್ತಿಗೆ ಸುಮಾರು 240 ಸ್ಟಿಚ್ ಬರುತ್ತದೆ. ಚಪ್ಪಟೆ ವೃತ್ತದಲ್ಲಾಗಿದ್ದರೆ ಬರೀ 72. 5ರ ಲೆಕ್ಕಕ್ಕೆ ತಾಳ್ಮೆ ಬೇಕು, ಹದಿನೈದು ಸುತ್ತಾದರೂ ಹೋಗಬೇಕು.

ಎರಡನೇ ಎಡವಟ್ಟು ದಾರ ಮುಗಿಯುವುದು. 2ರ ಲೆಕ್ಕದ ಹತ್ತು ಸುತ್ತಿಗೆ ಒಟ್ಟು ಸುಮಾರು 900 ಸ್ಟಿಚ್, ಅದರಲ್ಲಿ ಕೊನೆಯ ಸುತ್ತೊಂದರಲ್ಲೇ 307. ಅಂದರೆ ಮೂರರಲ್ಲಿ ಒಂದು ಪಾಲು ದಾರ ಕೊನೆಯ ಸುತ್ತಿಗೆ. ಪ್ರತಿ ಸ್ಟಿಚ್‌ನಲ್ಲೂ ಎರಡು ಹಾಕುವ 1ರ ಲೆಕ್ಕದಲ್ಲಿ ಅರ್ಧ ಪಾಲು. ‘ಅಂಚಿಗೆ ಸ್ವಲ್ಪ ಬೇರೆ ಬಣ್ಣ ಹಾಕೋಣ’ ಎಂದು ಚಿಕ್ಕ ಉಂಡೆ ಎತ್ತಿಕೊಂಡವರು ಅಂಚಿನ ಅರ್ಧಕ್ಕೇ ನಿಲ್ಲುತ್ತಾರೆ. ಮೊದಲೇ ಅಳೆಯಿರಿ: 10 ಸ್ಟಿಚ್ ಹಾಕಿ, ಬಿಚ್ಚಿ, ದಾರದ ಉದ್ದ ನೋಡಿ. 35 ಸೆಂ.ಮೀ. ಬಂದರೆ ಸ್ಟಿಚ್‌ಗೆ 3.5; 900ಕ್ಕೆ 31–32 ಮೀಟರ್, ಅಂಚಿನ ಸುತ್ತಿಗೇ 11 ಮೀಟರ್ ಹತ್ತಿರ. ಕೈ ಪಳಗಿದವರು ನಿಮಿಷಕ್ಕೆ 20 ಸ್ಟಿಚ್ ಹಾಕಿದರೆ ಒಂದು ಹವಳಕ್ಕೆ ಮುಕ್ಕಾಲು ಗಂಟೆ. ಹೊಸಬರಿಗೆ ಮೂರು ಗಂಟೆ ಇಟ್ಟುಕೊಳ್ಳಿ.

ಮಕ್ಕಳಿಗೆ ಇನ್ನೂ ಸುಲಭದ್ದು: 21 ಚೈನ್, ತಿರುಗಿ 20 ಸಿಂಗಲ್. ಮುಂದಿನ ಸಾಲಿನಲ್ಲಿ ಒಂದೊಂದರಲ್ಲಿ ಮೂರು, 60. ಅದರ ಮುಂದಿನದರಲ್ಲಿ ಎರಡೆರಡು, 120. ಪಟ್ಟಿ ತಾನಾಗಿಯೇ ಚಕ್ಕುಲಿಯಂತೆ ಸುತ್ತಿಕೊಳ್ಳುತ್ತದೆ.

ಕವಲು ಹವಳ, ಮೆದುಳು ಹವಳ

ದಿಬ್ಬದ ತುಂಬ ನೆರಿಗೆಯೇ ಇದ್ದರೆ ಹೂಕೋಸಿನ ರಾಶಿಯಂತೆ ಕಾಣುತ್ತದೆ. ಎತ್ತರಕ್ಕೆ ಕವಲು ಹವಳ ಬೇಕು. 8 ಸ್ಟಿಚ್‌ನ ಸುತ್ತನ್ನು ಹೆಚ್ಚಿಸದೆ 10 ಸುತ್ತು ಹೋದರೆ ಹೆಬ್ಬೆರಳಿನಷ್ಟು ಕೊಳವೆ. ಇಂಥ ಎರಡನ್ನು ಅಕ್ಕಪಕ್ಕ ಹಿಡಿದು ಎರಡರಿಂದಲೂ 2–2 ಸ್ಟಿಚ್ ಸೇರಿಸಿ ಹೊಲಿದು, ಉಳಿದ 12 ಸ್ಟಿಚ್‌ಗಳ ಸುತ್ತ ಒಂದೇ ಕೊಳವೆಯಾಗಿ ಮುಂದುವರಿಯಿರಿ. ಕೆಳಗೆ ಕಾಂಡ ದಪ್ಪ, ಮೇಲೆ ಕೊಂಬೆ ಸಣ್ಣ, ನಿಜವಾದ ಹವಳದಂತೆ. ಒಳಗೆ ದಾರದ ಚೂರು ತುಂಬಿ. ತಂತಿ ಹಾಕುವುದಾದರೆ ತುದಿಯನ್ನು ಮಡಚಿ. ಮಡಚದ ತಂತಿ ಮೊದಲ ದಿನವೇ ಯಾವುದೋ ಮಗುವಿನ ಬೆರಳಿಗೆ ಚುಚ್ಚುತ್ತದೆ.

ಮೆದುಳು ಹವಳಕ್ಕೆ ಹಳೆಯ ಬಟ್ಟೆ ತುಂಬಿದ 8 ಸೆಂ.ಮೀ. ಚೆಂಡು ಹೆಣೆದು, 3 ಮೀಟರ್ ಉದ್ದದ ಚೈನ್ ಹಾಕಿ ಅದರ ಮೇಲೊಂದು ಸಾಲು ಸಿಂಗಲ್ ಹೆಣೆದು, ಆ ಪಟ್ಟಿಯನ್ನು ಚೆಂಡಿನ ಮೇಲೆ ಅಂಕುಡೊಂಕಾಗಿ ಹೊಲಿಯಿರಿ. ರಂಗೋಲಿಯ ಎಳೆ ಎಳೆದಷ್ಟೇ ಸಲೀಸು.

ಬಿಳಿಚಿದ್ದು ಬೇರೆ, ಸತ್ತದ್ದು ಬೇರೆ

ಇಂಥ ಪ್ರದರ್ಶನಗಳು ಹೆಚ್ಚಾಗಿ ಸೋಲುವುದು ಬಣ್ಣದಲ್ಲಿ. ಒಂದು ಕಡೆ ಕಾಮನಬಿಲ್ಲು, ಇನ್ನೊಂದು ಕಡೆ ಬಿಳಿ. ಕೆಳಗೆ ‘ಬದುಕಿದ ಹವಳ, ಸತ್ತ ಹವಳ’ ಎಂಬ ಚೀಟಿ. ನೋಡಲು ಚೆಂದ, ವಿಷಯ ಮಾತ್ರ ತಪ್ಪು.

ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಮನೆಮಾಡಿಕೊಂಡಿರುತ್ತದೆ. ಹವಳದ ಊಟದ ಬಹುಪಾಲು ಅದು ಬಿಸಿಲಿನಲ್ಲಿ ಮಾಡಿಕೊಟ್ಟದ್ದು, ಬಣ್ಣವೂ ಹೆಚ್ಚಾಗಿ ಅದರದೇ. ಬೇಸಿಗೆಯ ಅತಿ ಬಿಸಿ ತಿಂಗಳ ಸರಾಸರಿಗಿಂತ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ನೀರಿನಲ್ಲಿ ನಾಲ್ಕು ವಾರ ನಿಂತರೆ ಹವಳ ಪಾಚಿಯನ್ನು ಹೊರದಬ್ಬುತ್ತದೆ. ಪಾರದರ್ಶಕ ಮೈಯೊಳಗಿನ ಸುಣ್ಣದ ಅಸ್ಥಿ ಬೆಳ್ಳಗೆ ಕಾಣುತ್ತದೆ. ಬಿಳಿಚಿಕೊಂಡ ಹವಳ ಇನ್ನೂ ಬದುಕಿದೆ, ಉಪವಾಸದಲ್ಲಿದೆ. ನೀರು ತಣಿದರೆ ಪಾಚಿ ಮರಳಿ ಚೇತರಿಸಿಕೊಳ್ಳಬಹುದು. ಬಿಸಿ ಎಂಟು ವಾರಕ್ಕೆ ಎಳೆದರೆ ಸಾವು ಶುರು. ಸತ್ತ ಹವಳ ಬಿಳಿಯಾಗಿ ಉಳಿಯುವುದಿಲ್ಲ. ಬೇಗನೇ ಅದರ ಮೇಲೆ ಬೇರೆ ಪಾಚಿ ಬೆಳೆದು ಮಾಸಲು ಹಸಿರು, ಕಂದು ಬಣ್ಣಕ್ಕೆ ತಿರುಗುತ್ತದೆ.

ಹಾಗಾಗಿ ದಿಬ್ಬಕ್ಕೆ ಮೂರು ಹಂತ ಬೇಕು.

ಆರೋಗ್ಯದ ಭಾಗದಲ್ಲಿ ಕಾಮನಬಿಲ್ಲು ಬೇಡ. ಬದುಕಿರುವ ಹವಳಗಳಲ್ಲಿ ಬಹಳಷ್ಟು ಕಂದು, ಸಾಸಿವೆ, ಆಲಿವ್ ಹಸಿರು. ಸ್ವೆಟರಿನಲ್ಲಿ ಯಾರಿಗೂ ಬೇಡವಾಗಿ ಉಳಿಯುವ ಮಣ್ಣುಬಣ್ಣದ ಉಂಡೆಗಳಿಗೆ ಇಲ್ಲಿ ರಾಜಮರ್ಯಾದೆ. ಕವಲುಗಳ ತುದಿಗೆ ಮಾತ್ರ ನೇರಳೆ, ನೀಲಿ, ನಿಂಬೆ ಹಳದಿ ಎರಡು ಸುತ್ತು ಹಾಕಿ.

ಬಿಳಿಚಿದ ಭಾಗದಲ್ಲಿ ಒಂದೇ ಬಿಳಿ ಸಾಲದು. ಟ್ಯೂಬ್‌ಲೈಟ್ ಕೆಳಗೆ ಎಲ್ಲ ನೆರಿಗೆ ಕಲಸಿಹೋಗಿ ದೂರಕ್ಕೆ ಹಿಟ್ಟಿನ ಮುದ್ದೆಯಂತೆ ಕಾಣುತ್ತದೆ. ಅಚ್ಚ ಬಿಳಿ, ಕೋರಾ ಕಾಟನ್ನಿನ ಬಿಳಿ, ತೆಳು ಗುಲಾಬಿಯೋ ತೆಳು ಹಳದಿಯೋ ಬೆರೆತ ಬಿಳಿ, ಮೂರನ್ನೂ ಬೆರೆಸಿ. ದೀಪ ಪಕ್ಕದಿಂದ ಬೀಳಲಿ. ಬಣ್ಣದ ದಾರವನ್ನು ಬ್ಲೀಚಿಂಗ್ ಪೌಡರ್ ಹಾಕಿ ಬಿಳಿ ಮಾಡಲು ಹೋಗಬೇಡಿ, ನೂಲು ಪುಡಿಯಾಗುತ್ತದೆ.

ಸತ್ತ ಭಾಗಕ್ಕೆ ಬೂದು ಮತ್ತು ಮಾಸಲು ಹಸಿರು. ನಯವಾದ ದಾರಕ್ಕಿಂತ ಜೂಲು ಎದ್ದ ಹಳೆಯ ಉಲ್ಲನ್ ಚೆನ್ನಾಗಿ ಒಪ್ಪುತ್ತದೆ.

ಯಾವ ಹವಳವನ್ನು ಯಾವ ಹಂತದಲ್ಲಿಡಬೇಕು ಎನ್ನುವುದಕ್ಕೂ ಲೆಕ್ಕವಿದೆ. ಕವಲು ಹವಳಗಳು, ಮುಖ್ಯವಾಗಿ ಅಕ್ರೋಪೊರಾ ಜಾತಿಯವು, ಮೊದಲು ಬಿಳಿಚುತ್ತವೆ. ಗುಂಡನೆಯ, ಬಂಡೆಯಂಥ ಪೊರೈಟಿಸ್ ಹವಳಗಳು ಹೆಚ್ಚು ತಾಳಿಕೊಳ್ಳುತ್ತವೆ. ಹಾಗಾಗಿ ನಡುವಿನ ಭಾಗದಲ್ಲಿ ಬೆಳ್ಳಗಾದ ಕವಲುಗಳ ನಡುವೆ ಕಂದು ಬಣ್ಣದ ಗುಂಡುಗಳು ಹಾಗೆಯೇ ಕೂತಿರಲಿ. ಕಡಲು ಬಲ್ಲವರು ಬಂದು ನೋಡಿದಾಗ ಅವರ ಕಣ್ಣು ನಿಲ್ಲುವುದು ಅಲ್ಲೇ.

ಪ್ಲಾಸ್ಟಿಕ್ ಹವಳ

ಎಂಟು ಹತ್ತು ಹವಳಗಳನ್ನು ಕವರ್‌ಗಳಿಂದ ಹೆಣೆದು ದಿಬ್ಬದ ಒಂದು ಅಂಚಿನಲ್ಲಿ ತೂರಿಸಿ. ಬ್ರೆಡ್ ಕವರ್, ಬಟ್ಟೆಯಂಗಡಿಯ ಕವರ್, ಹಾಲಿನ ಪ್ಯಾಕೆಟ್ ಆಗುತ್ತದೆ. ಹಾಲಿನ ಪ್ಯಾಕೆಟ್ಟನ್ನು ಸೋಪು ಹಾಕಿ ಎರಡು ಸಲ ತೊಳೆದು ಪೂರ್ತಿ ಒಣಗಿಸಿ. ಮಡಿಕೆಯಲ್ಲಿ ಉಳಿದ ಒಂದು ತೊಟ್ಟು ಹಾಲು ಮೂರನೇ ದಿನ ಇಡೀ ಕೋಣೆಗೆ ಗೊತ್ತಾಗುತ್ತದೆ.

ಕವರಿನ ಹಿಡಿ ಮತ್ತು ತಳ ಕತ್ತರಿಸಿ ತೆಗೆದರೆ ಕೊಳವೆ ಉಳಿಯುತ್ತದೆ. ಅದನ್ನು ಸೇಬಿನ ಸಿಪ್ಪೆ ಬಿಡಿಸಿದಂತೆ 3 ಸೆಂ.ಮೀ. ಅಗಲಕ್ಕೆ ಸುರುಳಿಯಾಗಿ ಕತ್ತರಿಸಿ. 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ ಕವರಿನಲ್ಲಿ 12 ಸುತ್ತು, ಸುತ್ತಿಗೆ 60 ಸೆಂ.ಮೀ., ಒಟ್ಟು 7 ಮೀಟರಿನಷ್ಟು ಪಟ್ಟಿ. ಕಡ್ಡಿ 6ರಿಂದ 8 ಮಿ.ಮೀ. ಇರಲಿ. ದಾರದಂತೆ ಎಳೆದು ಬಿಗಿ ಮಾಡಿದರೆ ಪಟ್ಟಿ ಹಿಗ್ಗಿ ತೆಳುವಾಗಿ ಕಿತ್ತುಹೋಗುತ್ತದೆ. ಕೈ ಸಡಿಲ ಬಿಡಿ. ಕಡ್ಡಿಗೆ ಅಂಟಿ ಕಿರ್ ಎನ್ನುತ್ತಿದ್ದರೆ ಬೆರಳಿಗೆ ಚಿಟಿಕೆ ಟಾಲ್ಕಮ್ ಪೌಡರ್ ಹಚ್ಚಿಕೊಳ್ಳಿ.

ಬಲೆಯ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಆಸ್ಟ್ರೇಲಿಯಾದ ಟಾರೆಸ್ ಜಲಸಂಧಿಯ ಎರುಬ್ ದ್ವೀಪದ ಮೂಲನಿವಾಸಿ ಕಲಾವಿದರು ಕಡಲಲ್ಲಿ ಬಿಟ್ಟುಹೋದ ಬಲೆಗಳಿಂದಲೇ ಆಮೆ, ಮೀನುಗಳ ದೊಡ್ಡ ಶಿಲ್ಪ ಕಟ್ಟುತ್ತಾರೆ. ದಡದಲ್ಲಿ ಬಿದ್ದ ಬಲೆ ಎತ್ತುವಾಗ ಕೈಗವಸು ಹಾಕಿ, ಗಾಳದ ಕೊಕ್ಕೆ ಇದೆಯೇ ನೋಡಿ, ಸೋಪು ನೀರಿನಲ್ಲಿ ನೆನೆಸಿ ಎರಡು ದಿನ ಬಿಸಿಲಿಗೆ ಹಾಕಿ. ಒಣಗಲು ಹಾಕಿದ್ದು ಬೆಸ್ತರದ್ದಾಗಿರಬಹುದು, ಕೇಳದೆ ಎತ್ತಬೇಡಿ.

ದಿಬ್ಬ ಕಟ್ಟುವುದು

ತಳಕ್ಕೆ 2 × 3 ಅಡಿಯ ಪ್ಲೈವುಡ್. ಅದರ ಮೇಲೆ ಹಳೆಯ ರಟ್ಟಿನ ಪೆಟ್ಟಿಗೆ, ಮೊಟ್ಟೆಯ ಕಾಗದದ ಟ್ರೇ ಒಟ್ಟಿ ಏರಿಳಿತ ಮಾಡಿ, ಗೋಣಿಬಟ್ಟೆ ಹೊದಿಸಿ ಅಂಚನ್ನು ಹಲಗೆಯ ಹಿಂದೆ ಮೊಳೆ ಹೊಡೆದು ಬಿಗಿಯಿರಿ. ಥರ್ಮೋಕೋಲ್ ಹಗುರ, ಅಗ್ಗ, ನಿಜ. ಕಡಲ ದಡದಲ್ಲಿ ಕಾಳುಕಾಳಾಗಿ ಬಿದ್ದಿರುವುದೂ ಅದೇ.

ಹವಳಗಳನ್ನು ಗೋಣಿಗೆ ದಬ್ಬಣದಲ್ಲಿ ಹೊಲಿಯಿರಿ, ಗ್ಲೂ ಗನ್ ಬೇಡ. ಅಂಟು ಹಾಕಿದರೆ ಜಾಗ ಬದಲಿಸಲಾಗದು, ಕಿತ್ತರೆ ಬಟ್ಟೆಯ ತಳ ಹರಿಯುತ್ತದೆ. ಮೊದಲು ಎತ್ತರದವು ಹಿಂದೆ, ನಂತರ ಗುಂಡುಗಳು, ಕೊನೆಗೆ ಸಂದು ತುಂಬಲು ಚಿಕ್ಕವು. ಮೂರು ಹಂತಗಳ ನಡುವೆ ನೇರ ಗೆರೆ ಬೇಡ, ಒಂದರೊಳಗೊಂದು ಬೆರೆಯಲಿ. ಕೆಂಪು, ಕಡುನೀಲಿ ಕಾಟನ್ ಹವಳವನ್ನು ಬಿಳಿಯ ಪಕ್ಕ ಇಡುವ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ನೋಡಿ; ಬಣ್ಣ ಬಿಟ್ಟರೆ ದೂರ ಇಡಿ. ಕರಾವಳಿಯ ಮಳೆಗಾಲದ ತೇವಕ್ಕೇ ಬಣ್ಣ ಇಳಿಯುವುದುಂಟು.

ಅಂದಕ್ಕೆಂದು ನಿಜವಾದ ಹವಳದ ತುಂಡು ಇಡಲೇಬೇಡಿ. ದಿಬ್ಬ ಕಟ್ಟುವ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ.

ಚೀಟಿಗಳು ಮತ್ತು ಬರುವ ಪ್ರಶ್ನೆಗಳು

ಚೀಟಿ ಮೂರಕ್ಕಿಂತ ಹೆಚ್ಚು ಬೇಡ, ಒಂದೊಂದರಲ್ಲಿ ಮೂವತ್ತು ಪದ ಮೀರದಿರಲಿ. ‘ಕಡಲನ್ನು ಉಳಿಸಿ’ ಎಂದು ಬರೆದರೆ ಯಾರೂ ನಿಲ್ಲುವುದಿಲ್ಲ. ಊರು, ಇಸವಿ ಇರಲಿ. ಉದಾಹರಣೆಗೆ: ‘ಲಕ್ಷದ್ವೀಪದ ಹವಳ 1998, 2010, 2016, 2024ರಲ್ಲಿ ಬಿಳಿಚಿತು. ಕವಲುಗಳು ಮೊದಲು. ಬಿಳಿ ಹವಳ ಸತ್ತಿಲ್ಲ, ಹಸಿದಿದೆ.’ ಇನ್ನೊಂದು: ‘ಗ್ರೇಟ್ ಬ್ಯಾರಿಯರ್ ರೀಫ್ 2016ರಿಂದ 2024ರೊಳಗೆ ಐದು ಸಲ ಬಿಳಿಚಿದೆ.’ ಎರಡು ಬಿಳಿಚಿಕೆಯ ನಡುವಿನ ಬಿಡುವು ಕಡಿಮೆಯಾಗುತ್ತಿರುವುದೇ ತೊಂದರೆ ಎಂದು ಬಾಯಲ್ಲಿ ವಿವರಿಸಿ. ಮೂರನೆಯದು ನಮ್ಮ ನೇತ್ರಾಣಿಯದು. ಮುರ್ಡೇಶ್ವರದಿಂದ ಡೈವಿಂಗ್‌ಗೆ ಹೋಗುವ ಆ ದ್ವೀಪದ ಸುತ್ತಲೂ ಹವಳವಿದೆ. ‘ಮೆಟ್ಟಬೇಡಿ, ಮುಟ್ಟಬೇಡಿ, ಹವಳದ ಮೇಲೆ ಲಂಗರು ಬೇಡ’ ಎಂಬುದು ನೋಡಿದವರು ನಾಳೆಯೇ ಪಾಲಿಸಬಹುದಾದ ಮಾತು.

ಕನ್ನಡದ ನೋಡುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಹವಳ ಅಂದ್ರೆ ನಾವು ಉಂಗುರಕ್ಕೆ ಹಾಕಿಸ್ತೀವಲ್ಲ, ಅದೇನಾ?’ ಅಲ್ಲ. ನವರತ್ನದ ಕೆಂಪು ಹವಳ ಕೊರಾಲಿಯಮ್ ಎಂಬ ಬೇರೆ ಗುಂಪಿನದು, ಮೆಡಿಟರೇನಿಯನ್ ಕಡಲಿನದು ಬಹಳ ಹೆಸರಾದದ್ದು. ಅದರ ಮೈಯಲ್ಲಿ ಈ ಪಾಚಿ ಇರುವುದಿಲ್ಲ, ಅದು ದಿಬ್ಬವನ್ನೂ ಕಟ್ಟುವುದಿಲ್ಲ. ದಿಬ್ಬದ ಪಕ್ಕ ನಿಲ್ಲುವ ಸ್ವಯಂಸೇವಕರಿಗೆ ಈ ಉತ್ತರವನ್ನು ಮೊದಲೇ ಹೇಳಿಕೊಟ್ಟಿರಿ.

ಜನ ಮುಟ್ಟುತ್ತಾರೆ, ತಡೆಯಲಾಗದು. ಒಂದು ದೊಡ್ಡ 2ರ ಲೆಕ್ಕದ ಹವಳವನ್ನು ದಪ್ಪ ದಾರದಲ್ಲಿ ಹೆಣೆದು, ‘ಇದನ್ನು ಮುಟ್ಟಿ’ ಎಂದು ಪ್ರತ್ಯೇಕ ಇಡಿ, ಪಕ್ಕದಲ್ಲೇ ಅದೇ ದಾರದ ಚಪ್ಪಟೆ ವೃತ್ತ. ಎರಡಕ್ಕೂ ಹತ್ತೇ ಸುತ್ತು ಎಂದು ಹೇಳಿದರೆ ಮಕ್ಕಳು ಎಣಿಸಿಯೇ ನೋಡುತ್ತಾರೆ.

ಪ್ರದರ್ಶನ ಮುಗಿದ ಮೇಲೆ ಹವಳಗಳನ್ನು ಒಂದು ದಿನ ಒಳ್ಳೆಯ ಗಾಳಿಗೆ ಹರಡಿ, ಹಳೆಯ ಹತ್ತಿ ದಿಂಬಿನ ಚೀಲದಲ್ಲಿ ಒಣ ಬೇವಿನ ಎಲೆ, ನಾಲ್ಕು ಲವಂಗ ಹಾಕಿ ಕಟ್ಟಿಡಿ. ಒತ್ತಿ ತುಂಬಿದರೆ ನೆರಿಗೆ ಮಡಿದು ಹಾಗೇ ಕೂರುತ್ತದೆ. ಮುಂದಿನ ಸಲ ತೆಗೆದಾಗ ಅಂಚನ್ನು ಬೆರಳಲ್ಲಿ ಎಳೆದೆಳೆದು ಬಿಡಿಸಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟರೆ ಆಷಾಢ ಕಳೆಯುವಷ್ಟರಲ್ಲಿ ಮುಗ್ಗಲು ಹಿಡಿದು, ಬಿಳಿಯವೆಲ್ಲ ಹಳದಿ ಚುಕ್ಕೆಯಾಗಿರುತ್ತವೆ.